ಮರಳಿಗೆ ಅಂತಲೇ ತರಿಸಿದ ಅಗಲ ಟೆಂಟ್ ಗೂಟಗಳು: 3 ವರ್ಷ ಬಳಸಿದ ಮೇಲೆ

ಟೆಂಟ್ ಜೊತೆ ಬರುವ ತೆಳ್ಳಗಿನ ಗೂಟಗಳು ತೋಟದ ಮಣ್ಣಿಗೆ, ಹುಲ್ಲುನೆಲಕ್ಕೆ ಸಾಕು. ಮರಳಿಗೆ ಆಗಿಬರುವುದಿಲ್ಲ. ನನಗೆ ಇದು ಗೊತ್ತಾದದ್ದು ಮಲ್ಪೆ ಹತ್ತಿರದ ಪಡುಕೆರೆಯಲ್ಲಿ, ರಾತ್ರಿ 2 ಗಂಟೆಗೆ. ಗಾಳಿ ಎದ್ದು ಗೂಟಗಳೆಲ್ಲ ಕಿತ್ತು ಬಂದವು. ನಿದ್ದೆಯಲ್ಲಿದ್ದ ಮಗಳ ಮುಖದ ಮೇಲೆ ಟೆಂಟ್ ಕುಸಿಯಿತು.

ಆ ವಾರವೇ ಅಲ್ಯೂಮಿನಿಯಂನ ಅಗಲ ಗೂಟಗಳನ್ನು ತರಿಸಿದೆ. ಎಂಟರ ಸೆಟ್. ಒಂದೊಂದೂ 31 ಸೆಂ.ಮೀ. ಉದ್ದ, ಸೀಳಿದ ಬಿದಿರಿನ ಹಾಗೆ ಒಳಬಾಗಿದ ಆಕಾರ, ಉದ್ದಕ್ಕೂ ತೂತು.

ಮೊದಲ ವರ್ಷ ಅಷ್ಟೇನೂ ಸಮಾಧಾನ ಆಗಲಿಲ್ಲ. ಹಸಿ ಮರಳಿನಲ್ಲಿ ಗಟ್ಟಿಯಾಗಿ ಹಿಡಿಯುತ್ತಿದ್ದವು. ಒಣಗಿ ರವೆಯಂತಾದ ಮರಳಿನಲ್ಲಿ ಜೋರು ಗಾಳಿಗೆ ಒಂದೊಂದಾಗಿ ಮೇಲೇಳುತ್ತಿದ್ದವು. ಉಬ್ಬರದ ಭಯಕ್ಕೆ ನಾವು ಟೆಂಟ್ ಹಾಕುವುದು ಒಣ ಮರಳಿನಲ್ಲೇ ಅಲ್ವಾ?

ತಪ್ಪು ನನ್ನದೇ. ಅಲ್ಲಿನ ಮೀನುಗಾರರೊಬ್ಬರು ನೋಡಿ, “ಹೊಯಿಗೆಯಲ್ಲಿ ಗೂಟ ನಿಲ್ತದಾ ಮಾರಾಯ್ರೆ? ಮಲಗಿಸಿ ಹುಗಿರಿ” ಅಂದರು. ಮೊಣಕೈ ಮುಳುಗುವಷ್ಟು ಗುಂಡಿ ತೋಡಿಸಿದರು. ಗೂಟದ ನಡುವಿನ ತೂತಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಅಡ್ಡವಾಗಿ ಮಲಗಿಸಿದರು. ಹಗ್ಗ ಓರೆಯಾಗಿ ಮೇಲೆ ಬರಲಿ ಅಂತ ಟೆಂಟಿನ ಕಡೆಗೆ ಬೆರಳಲ್ಲಿ ಸಣ್ಣ ಕಾಲುವೆ ಗೀರಿದರು. ಮರಳು ಮುಚ್ಚಿ, ಒಂದು ಕೊಡ ನೀರು ಸುರಿದು ತುಳಿದರು. ನಾನು ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆದೆ. ಅಲುಗಲಿಲ್ಲ. ನಿಂತ ಗೂಟ ಮರಳನ್ನು ಸೀಳಿಕೊಂಡು ಬರುತ್ತದೆ. ಮಲಗಿದ್ದು ಏಳಬೇಕಾದರೆ ಮೇಲಿನ ಅಷ್ಟೂ ಮರಳನ್ನು ಎತ್ತಬೇಕು.

ಅಲ್ಲಿಂದ ಇಲ್ಲಿಯವರೆಗೆ ಒಂದು ಸಲವೂ ಗೂಟ ಎದ್ದಿಲ್ಲ. ಎಂಟು ಗುಂಡಿಗೆ ಅರ್ಧ ಗಂಟೆ ಬೇಕು, ಅದೊಂದು ಕಷ್ಟ. ತುಕ್ಕಿನ ಚಿಂತೆಯಿಲ್ಲ, ಆದರೂ ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸುತ್ತೇನೆ.

ಮುರಕಲ್ಲಿನ ನೆಲಕ್ಕೆ ಮಾತ್ರ ಇವು ಬೇಡವೇ ಬೇಡ. ಕಲ್ಲಲ್ಲಿ ಹೊಡೆದು ಎರಡರ ತಲೆ ಮಡಚಿಹೋಗಿದೆ. ಅಂಥ ಕಡೆ, ಬಂಡೆ ಮೇಲೂ, ಕಲ್ಲೇ ಗತಿ. ಚಿಕ್ಕ ಕಲ್ಲಿಗೆ ಹಗ್ಗ ಸುತ್ತಿ ಇಡಿ. ಅದರ ಮುಂದೆ, ಟೆಂಟಿನ ಬದಿಗೆ, ದೊಡ್ಡ ಕಲ್ಲನ್ನು ಹಗ್ಗದ ಮೇಲೆ ಕೂರಿಸಿ. ಎಳೆತ ಬಿದ್ದಾಗ ಚಿಕ್ಕದು ದೊಡ್ಡದಕ್ಕೆ ತಾಗಿ ನಿಲ್ಲುತ್ತದೆ. ಕಲ್ಲಿನ ಅಂಚು ಚೂಪಾಗಿದ್ದರೆ ಹಗ್ಗಕ್ಕೆ ಹಳೇ ಬಟ್ಟೆ ಸುತ್ತಿ.

ಇನ್ನೊಂದು ಮಾತು. ಹೊರಡುವ ಮುಂಚೆ ಎಂಟನ್ನೂ ಎಣಿಸಿ. ಕಳೆದ ಡಿಸೆಂಬರಿನಲ್ಲಿ ನಮಗೆ ಏಳೇ ಸಿಕ್ಕವು. ಟೆಂಟಿನಿಂದ ಬಿಚ್ಚಿದ ಹಗ್ಗ ಮರಳಲ್ಲಿ ಮುಚ್ಚಿಹೋಗಿತ್ತು. ಬರಿಗಾಲಲ್ಲಿ ಓಡುವ ಮಕ್ಕಳಿಗೆ, ಬಲೆ ಎಳೆಯುವವರಿಗೆ ಆ ಅಂಚು ತಾಗಿದರೆ? ಬಿಸಿಲಲ್ಲಿ ಮುಕ್ಕಾಲು ಗಂಟೆ ಕೆದಕಿ ತೆಗೆದೆವು. ಈಗ ಒಂದೊಂದಕ್ಕೂ ಕೆಂಪು ಬಟ್ಟೆಯ ಬಾಲ ಕಟ್ಟಿದ್ದೇನೆ, ಹುಗಿದ ಮೇಲೂ ತುದಿ ಹೊರಗೆ ಕಾಣುವಷ್ಟು ಉದ್ದ.