ಸೈನಿಕ ಶಾಲೆಯೋ, ಅಂತರರಾಷ್ಟ್ರೀಯ ವಸತಿ ಶಾಲೆಯೋ: ದಿನಚರಿಯ ಹೋಲಿಕೆ

ಮಕ್ಕಳನ್ನು ವಸತಿ ಶಾಲೆಗೆ ಸೇರಿಸಬಯಸುವ ವಿಜಯಪುರದ ಪಾಲಕರ ಮುಂದೆ, 1963ರಲ್ಲಿ ಆರಂಭವಾದ ಇಲ್ಲಿನ ಸೈನಿಕ ಶಾಲೆಯೂ ಕೊಡೈಕೆನಾಲ್‌ನಂಥ ದೂರದ ಊರುಗಳ ಅಂತರರಾಷ್ಟ್ರೀಯ ಶಾಲೆಗಳೂ ಇವೆ.

ಸೈನಿಕ ಶಾಲೆಯಲ್ಲಿ ಬೆಳಗಿನ ವ್ಯಾಯಾಮದಿಂದ ರಾತ್ರಿಯ ಓದಿನವರೆಗೆ ದಿನವೆಲ್ಲ ನಿಗದಿಯಾಗಿರುತ್ತದೆ. ಸಿಬಿಎಸ್‌ಇ ಪಠ್ಯದೊಂದಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಕ್ಕೆ ವಿದ್ಯಾರ್ಥಿಗಳನ್ನು ಸಜ್ಜುಗೊಳಿಸುವುದೇ ಅದರ ಗುರಿ. ಪ್ರವೇಶ 6 ಮತ್ತು 9ನೇ ತರಗತಿಗೆ, ಅಖಿಲ ಭಾರತ ಪರೀಕ್ಷೆಯ ಮೂಲಕ. ಈಗ ಹೆಣ್ಣುಮಕ್ಕಳಿಗೂ ಅವಕಾಶವಿರುವುದು ಬಹಳ ಸಂತೋಷದ ಸಂಗತಿ.

ಅಂತರರಾಷ್ಟ್ರೀಯ ಶಾಲೆಯಲ್ಲಿಯೂ ವೇಳಾಪಟ್ಟಿ ಉಂಟು. ಆದರೆ ಪಿಯುಸಿ ಹಂತದ ಅಂತರರಾಷ್ಟ್ರೀಯ ಶಿಕ್ಷಣಕ್ರಮವಾದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಡಿಪ್ಲೊಮಾದ ಎರಡು ವರ್ಷಗಳಲ್ಲಿ ವಿದ್ಯಾರ್ಥಿಯು ಆರು ವಿಷಯಗಳನ್ನು ಅಭ್ಯಸಿಸುತ್ತ, ತಾನೇ ಆರಿಸಿಕೊಂಡ ಪ್ರಶ್ನೆಯೊಂದನ್ನು ಕುರಿತು 4,000 ಪದಗಳವರೆಗಿನ ಸಂಶೋಧನಾ ಪ್ರಬಂಧವನ್ನು ಬರೆದು, ಕಲೆ, ಕ್ರೀಡೆ, ಸಮಾಜಸೇವೆಗಳಲ್ಲಿಯೂ ತೊಡಗಬೇಕಾಗಿರುವುದರಿಂದ, ಸಂಜೆಯ ವೇಳೆಯನ್ನು ಹಂಚಿಕೊಳ್ಳುವ ಹೊಣೆ ಬಹುಮಟ್ಟಿಗೆ ಅವನದೇ ಆಗುತ್ತದೆ. ಕೋಣೆಯ ಜೊತೆಗಾರ ಬೇರೆ ದೇಶದವನಿರಬಹುದು. ಊಟದಲ್ಲಿ ಜೋಳದ ರೊಟ್ಟಿ, ಮಾತಿನಲ್ಲಿ ಕನ್ನಡ ಎರಡೂ ಅಪರೂಪವಾಗುತ್ತವೆ. ಶುಲ್ಕವಂತೂ ಹಲವು ಪಟ್ಟು ಹೆಚ್ಚು.

ಹತ್ತು ಹನ್ನೊಂದರ ಮಗುವಿಗೆ, ಮನೆಯವರು ಬೇಗ ತಲುಪಬಹುದಾದ ಸೈನಿಕ ಶಾಲೆಯೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ. ವಿದೇಶದಲ್ಲಿ ಪದವಿ ಓದಲು ನಿರ್ಧರಿಸಿರುವ ಹದಿನಾರರ ವಿದ್ಯಾರ್ಥಿಗಾದರೆ ಐಬಿ ಹೆಚ್ಚು ಹೊಂದುತ್ತದೆ.