ಹೆಡರ್ ಬದಲಾದರೆ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕು? ಮೇಕ್‌ನ ನಾಲ್ಕು ದಾರಿ, ನಿಂಜಾದ ಒಂದು

ಮೇಕ್ ಮತ್ತು ನಿಂಜಾ ಎರಡೂ, ಬದಲಾದುದನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ಬಿಲ್ಡ್ ಸಾಧನಗಳು. ಪಾರ್ಸರ್.ಸಿ, ಮೇನ್.ಸಿ ಎರಡೂ ಇನ್‌ಕ್ಲೂಡ್ ಮಾಡಿಕೊಳ್ಳುವ ಪಾರ್ಸರ್.ಎಚ್ ಎಂಬ ಹೆಡರಿನಲ್ಲಿ ಒಂದು ಸ್ಟ್ರಕ್ಟ್ ಇದೆ ಎನ್ನಿ: ಒಂದು ಇಂಟ್, 32 ಅಕ್ಷರದ ಒಂದು ಕ್ಯಾರ್ ಅರೇ, ಒಟ್ಟು 36 ಬೈಟ್. ಅದರ ಮೊದಲಿಗೆ ಒಂದು ಲಾಂಗ್ ಸೇರಿಸಿದರೆ 64-ಬಿಟ್ ಲಿನಕ್ಸ್‌ನಲ್ಲಿ ಪ್ಯಾಡಿಂಗ್ ಸೇರಿ 48 ಬೈಟ್ ಆಗುತ್ತದೆ. ಪಾರ್ಸರ್.ಸಿ ಮಾತ್ರ ಮತ್ತೆ ಕಂಪೈಲ್ ಆಗಿ ಮೇನ್.ಸಿಯ ಆಬ್ಜೆಕ್ಟ್ ಫೈಲ್ ಮೇನ್.ಒ ಹಳೆಯದೇ ಉಳಿದರೆ, ಮೇನ್ 36 ಬೈಟ್ ಜಾಗ ಕೊಟ್ಟಲ್ಲಿ ಪಾರ್ಸರ್ 48 ಬೈಟ್ ಬರೆಯುತ್ತದೆ. ಆಬ್ಜೆಕ್ಟ್‌ಗಳನ್ನು ಜೋಡಿಸುವ ಲಿಂಕರ್ ತುಟಿ ಪಿಟಕ್ಕೆನ್ನದು. ಸಿ ಸಿಂಬಲ್‌ಗಳಲ್ಲಿ ಟೈಪಿನ ಸುದ್ದಿಯೇ ಇರುವುದಿಲ್ಲ. ಪ್ರೋಗ್ರಾಂ ಎಲ್ಲೋ ಸಂಬಂಧವಿಲ್ಲದ ಕಡೆ ಬೀಳುತ್ತದೆ.

ಹೋಲಿಕೆಗೆ ಸೋರ್ಸ್ 'ಎಸ್‌ಆರ್‌ಸಿ' ಫೋಲ್ಡರಿನಲ್ಲಿ, ಆಬ್ಜೆಕ್ಟ್ 'ಬಿಲ್ಡ್' ಫೋಲ್ಡರಿನಲ್ಲಿ ಇರುವ ಪ್ರಾಜೆಕ್ಟ್ ಸಾಕು. ಕಂಪೈಲರ್ ಜಿಸಿಸಿ, ಮೇಕ್ ಎಂದರೆ ಗ್ನೂ ಮೇಕ್. ಪ್ರತಿ ದಾರಿಗೂ ನಾಲ್ಕು ಪರೀಕ್ಷೆ: ಮೇಲಿನ ಸ್ಟ್ರಕ್ಟ್ ಬದಲಾವಣೆ, ಒಂದು ಹೆಡರ್ ಅಳಿಸುವುದು, ಕಂಪೈಲರ್ ಫ್ಲ್ಯಾಗ್ (ಅದಕ್ಕೆ ಕೊಡುವ ಆಯ್ಕೆ) ಬದಲಿಸುವುದು, ಇನ್‌ಕ್ಲೂಡ್ ಹಾದಿಯಲ್ಲಿ ಮೊದಲು ಸಿಗುವ ಜಾಗದಲ್ಲಿ ಅದೇ ಹೆಸರಿನ ಹೊಸ ಹೆಡರ್ ಇಡುವುದು.

ಅವಲಂಬನೆಗಳನ್ನು ಮೇಕ್‌ಫೈಲಿನಲ್ಲಿ ಕೈಯಿಂದ ಬರೆಯುವ ದಾರಿಗೆ ಹೆಚ್ಚು ಮಾತು ಬೇಡ. ಐದಾರು ಫೈಲಿನವರೆಗೆ ನಡೆಯುತ್ತದೆ. ಒಂದು ಹೆಡರ್ ತನ್ನೊಳಗೆ ಇನ್ನೊಂದನ್ನು ಇನ್‌ಕ್ಲೂಡ್ ಮಾಡಿಕೊಂಡ ದಿನವೇ ಪಟ್ಟಿ ಸುಳ್ಳಾಗುತ್ತದೆ, ಅದು ಸುಳ್ಳಾಯಿತೆಂದು ಯಾರೂ ಹೇಳುವುದಿಲ್ಲ.

ಮೇಕ್‌ಡಿಪೆಂಡ್ ಎಕ್ಸ್ ವಿಂಡೋ ಕಾಲದ ಸಾಧನ. ಮೇಕ್‌ಫೈಲಿನಲ್ಲಿ 'ಡು ನಾಟ್ ಡಿಲೀಟ್' ಎಂಬ ಸಾಲಿನ ಕೆಳಗೆ ಪಟ್ಟಿ ಸುರಿದು, ಹಳೆಯದನ್ನು .ಬಿಎಕೆ ಪ್ರತಿಯಾಗಿ ಉಳಿಸುತ್ತದೆ. ತೊಡಕು ಎರಡು. ಅದು ಕಂಪೈಲರನ್ನು ಕೇಳುವುದಿಲ್ಲ, ಇನ್‌ಕ್ಲೂಡ್, ಮ್ಯಾಕ್ರೋ ಬಿಡಿಸುವ ತನ್ನದೇ ಪುಟ್ಟ ಪ್ರಿಪ್ರೊಸೆಸರಿನಿಂದ ಊಹಿಸುತ್ತದೆ. ಆದ್ದರಿಂದ -ಡಿ (ಮ್ಯಾಕ್ರೋ), -ಐ (ಹೆಡರ್ ಹುಡುಕುವ ಜಾಗ) ಫ್ಲ್ಯಾಗ್‌ಗಳನ್ನು ಅದಕ್ಕೂ ಹಾಗೇ ಕೊಡಬೇಕು. ಇನ್ನು, ಆಬ್ಜೆಕ್ಟ್ ಹೆಸರಿನ ಮುಂದೆ ಸೇರಿಸಲು -ಪಿ ಕೊಟ್ಟು 'ಬಿಲ್ಡ್/' ಎಂದು ಹೇಳಿದರೂ ಸಿಗುವ ಹೆಸರು 'ಬಿಲ್ಡ್/ಎಸ್‌ಆರ್‌ಸಿ/ಪಾರ್ಸರ್.ಒ'. ನಮ್ಮ ಆಬ್ಜೆಕ್ಟ್ ಇರುವುದು 'ಬಿಲ್ಡ್/ಪಾರ್ಸರ್.ಒ'. ಹೆಸರು ಹೊಂದದ ನಿಯಮವನ್ನು ಮೇಕ್ ಸದ್ದಿಲ್ಲದೆ ಬದಿಗಿಡುತ್ತದೆ, ಮೊದಲ ಪರೀಕ್ಷೆಯಲ್ಲೇ ಸೋಲು. ಜೊತೆಗೆ ಅದನ್ನು ಆಗಾಗ ಕೈಯಿಂದ ಓಡಿಸುವುದು ನೆನಪಿರಬೇಕು.

ಮೂರನೆಯದು ಗ್ನೂ ಮೇಕ್ ಕೈಪಿಡಿಯಲ್ಲೇ ಇರುವ ಪಾಕ: ಅವಲಂಬನೆಗಳ ಪಟ್ಟಿ ಕೊಡುವ ಜಿಸಿಸಿ -ಎಂ ಓಡಿಸಿ, ಪಠ್ಯ ತಿದ್ದುವ ಸಾಧನ ಸೆಡ್‌ನಿಂದ ತಿದ್ದಿ, ಪ್ರತಿ .ಸಿ ಫೈಲಿಗೆ ಒಂದು .ಡಿ ಫೈಲ್ ಮಾಡಿ ಇನ್‌ಕ್ಲೂಡ್ ಮಾಡುವುದು. ಇಲ್ಲಿ ಉತ್ತರ ಕೊಡುವುದು ಕಂಪೈಲರೇ, ಹಾಗಾಗಿ ಪಟ್ಟಿ ನಿಜ. ಆದರೆ ಪ್ರತಿ ಫೈಲೂ ಎರಡು ಸಲ ಪ್ರಿಪ್ರೊಸೆಸ್ ಆಗುತ್ತದೆ. -ಎಂ ಕೊಡುವ ಟಾರ್ಗೆಟ್ (ಕಟ್ಟಬೇಕಾದ ಫೈಲ್) ಹೆಸರಿನಲ್ಲಿ ಫೋಲ್ಡರ್ ಇರುವುದಿಲ್ಲವಾದ್ದರಿಂದ ಸೆಡ್ ಸಾಲನ್ನು ಬಿಲ್ಡ್ ಫೋಲ್ಡರಿಗೆ ತಕ್ಕಂತೆ ತಿದ್ದಬೇಕು. ಏನೂ ಕಟ್ಟದ ಮರದಲ್ಲಿ 'ಮೇಕ್ ಕ್ಲೀನ್' ಹೊಡೆದರೆ ಮೊದಲು ಎಲ್ಲ .ಡಿ ಫೈಲ್ ಹುಟ್ಟಿಸಿ ಆಮೇಲೆ ಅಳಿಸುತ್ತದೆ. ಹೆಡರ್ ಅಳಿಸಿದಾಗ ಇನ್ನೂ ಮಜಾ: .ಡಿ ಫೈಲಿಗೂ ಆ ಹೆಡರ್ ಬೇಕು, ಹಾಗಾಗಿ 'ನೋ ರೂಲ್ ಟು ಮೇಕ್ ಟಾರ್ಗೆಟ್' ಎಂದು ಕ್ಲೀನ್ ಕೂಡ ನಿಂತುಹೋಗುತ್ತದೆ. ಕೈಯಾರೆ .ಡಿ ಅಳಿಸದೆ ದಾರಿಯಿಲ್ಲ.

ಮೇಕ್ ಬಳಸುವವರಿಗೆ ನಾಲ್ಕನೆಯದೇ ಸರಿ: ಕಂಪೈಲ್ ಸಾಲಿಗೆ -ಎಂಎಂಡಿ ಮತ್ತು -ಎಂಪಿ ಸೇರಿಸುವುದು. ಹೆಡರ್‌ಗಳನ್ನು ಹೇಗೂ ತೆರೆದು ಓದಿದ ಕಂಪೈಲರ್, ಆಬ್ಜೆಕ್ಟ್ ಜೊತೆಗೇ .ಡಿ ಫೈಲನ್ನೂ ಬರೆದಿಡುತ್ತದೆ. ಟಾರ್ಗೆಟ್ ಹೆಸರನ್ನು -ಒ ಕೊಟ್ಟ ಹೆಸರಿನಿಂದಲೇ ತೆಗೆದುಕೊಳ್ಳುವುದರಿಂದ ಬಿಲ್ಡ್ ಫೋಲ್ಡರಿನ ತಲೆನೋವಿಲ್ಲ. ಮೊದಲ ಬಿಲ್ಡ್‌ನಲ್ಲಿ .ಡಿ ಇಲ್ಲದಿದ್ದರೂ ಚಿಂತೆಯಿಲ್ಲ. ಆಗ ಎಲ್ಲವೂ ಹೇಗೂ ಕಂಪೈಲ್ ಆಗಲೇಬೇಕು. -ಎಂಪಿ ಪ್ರತಿ ಹೆಡರಿಗೂ ಖಾಲಿ ನಿಯಮ ಸೇರಿಸುವುದರಿಂದ ಅಳಿಸಿದ ಹೆಡರ್ ಬಿಲ್ಡ್ ನಿಲ್ಲಿಸುವುದಿಲ್ಲ, ಅದನ್ನು ನಂಬಿದ ಫೈಲ್ ಮತ್ತೆ ಕಂಪೈಲ್ ಆಗುತ್ತದೆ ಅಷ್ಟೆ. -ಎಂಪಿ ಬಿಟ್ಟು -ಎಂಎಂಡಿ ಮಾತ್ರ ಹಾಕಿದ ಮೇಕ್‌ಫೈಲ್‌ಗಳು ಬೇಕಾದಷ್ಟಿವೆ. ಎರಡನೇ ಪರೀಕ್ಷೆಯಲ್ಲಿ ಅವು ಬೀಳುತ್ತವೆ.

ಇದರಲ್ಲೂ ಎಡವುವ ಜಾಗಗಳಿವೆ. .ಡಿ ಫೈಲ್‌ಗಳನ್ನು ಎಳೆದುಕೊಳ್ಳುವ '-ಇನ್‌ಕ್ಲೂಡ್' ಸಾಲು ಮೇಕ್‌ಫೈಲಿನ ಕೊನೆಯಲ್ಲಿರಲಿ. 'ಆಲ್' ನಿಯಮಕ್ಕಿಂತ ಮೇಲಿಟ್ಟರೆ .ಡಿ ಫೈಲಿನ ಮೊದಲ ಟಾರ್ಗೆಟ್ಟೇ ಡಿಫಾಲ್ಟ್ ಆಗಿ, ಬರೀ ಮೇಕ್ ಎಂದು ಹೊಡೆದಾಗ ಒಂದೇ .ಒ ಫೈಲ್ ಕಟ್ಟಿ ಸುಮ್ಮನಾಗುತ್ತದೆ. ಅದೂ ಎರಡನೇ ಸಲದಿಂದ, ಮೊದಲ ಸಲ .ಡಿ ಇರುವುದಿಲ್ಲವಲ್ಲ. ಹಳೆಯ ಬಿಲ್ಡ್ ಮರಕ್ಕೆ ಈ ಫ್ಲ್ಯಾಗ್ ಸೇರಿಸಿದರೆ ಒಮ್ಮೆ ಕ್ಲೀನ್ ಮಾಡಿ, ಇರುವ .ಒ ಫೈಲ್‌ಗಳಿಗೆ .ಡಿ ತಾನಾಗಿ ಬರುವುದಿಲ್ಲ. ಬಿಲ್ಡ್ ನಡುವೆ ಹುಟ್ಟುವ ಹೆಡರ್ ಇದ್ದರೆ ಆಬ್ಜೆಕ್ಟ್‌ಗಳ ನಿಯಮದಲ್ಲಿ ಲಂಬಗೆರೆಯ ಬಲಕ್ಕೆ, ಆರ್ಡರ್-ಓನ್ಲಿ (ಇದು ಮೊದಲು ಆಗಿರಲಿ ಎಂದಷ್ಟೇ ಹೇಳುವ) ಅವಲಂಬನೆಯಾಗಿ ಬರೆಯಿರಿ. ಇಲ್ಲವಾದರೆ ಮೊದಲ ಬಿಲ್ಡ್, ಅದರಲ್ಲೂ -ಜೆ8 ಹಾಕಿ ಎಂಟು ಕೆಲಸ ಒಟ್ಟಿಗೆ ಓಡಿಸಿದಾಗ, ಒಮ್ಮೆ ಗೆಲ್ಲುತ್ತದೆ ಒಮ್ಮೆ ಸೋಲುತ್ತದೆ.

-ಎಂಎಂಡಿ ಸಿಸ್ಟಂ ಹೆಡರ್‌ಗಳನ್ನು ಬಿಡುತ್ತದೆ ಎಂಬುದು ಗೊತ್ತಿರುವ ಮಾತು. -ಐಸಿಸ್ಟಂ ಮೂಲಕ ಕೊಟ್ಟ ಫೋಲ್ಡರನ್ನೂ ಬಿಡುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಎಚ್ಚರಿಕೆ ಸಾಲು ಅಡಗಿಸಲು ಹೊರಗಿನ ಲೈಬ್ರರಿಯನ್ನು ಹಾಗೆ ಸೇರಿಸಿದ್ದರೆ, ಅದರ ಆವೃತ್ತಿ ಬದಲಾದಾಗ 36-48 ಬೈಟಿನ ಕಥೆ ಮತ್ತೆ ಶುರು. ಅಂಥ ಕಡೆ ಸಿಸ್ಟಂ ಹೆಡರ್‌ಗಳನ್ನೂ ಪಟ್ಟಿಗೆ ಸೇರಿಸುವ -ಎಂಡಿ ಹಾಕಿ; .ಡಿ ಫೈಲ್ ಉದ್ದವಾದರೆ ಆಗಲಿ.

ಫ್ಲ್ಯಾಗ್ ಬದಲಾವಣೆಯನ್ನು ಮೇಕ್‌ನ ಯಾವ ದಾರಿಯೂ ತಾನಾಗಿ ಹಿಡಿಯುವುದಿಲ್ಲ, ಏಕೆಂದರೆ ಮೇಕ್ ನೋಡುವುದು ಫೈಲಿನ ಸಮಯವನ್ನಷ್ಟೇ. ಫ್ಲ್ಯಾಗ್‌ಗಳನ್ನು ಒಂದು ಫೈಲಿಗೆ, ಬದಲಾದಾಗ ಮಾತ್ರ ಬರೆಯುವಂತೆ ಮಾಡಿ, ಎಲ್ಲ ಆಬ್ಜೆಕ್ಟ್‌ಗಳೂ ಅದನ್ನು ಅವಲಂಬಿಸುವಂತೆ ಹೊಲಿಯಬೇಕು.

ನಿಂಜಾ ಗೆಲ್ಲುವುದು ಇಲ್ಲೇ. ಅದು ಪ್ರತಿ ಔಟ್‌ಪುಟ್‌ನ ಕಮಾಂಡ್ ಸಾಲನ್ನೂ ಲೆಕ್ಕದಲ್ಲಿಡುತ್ತದೆ. -ಡಿ ಒಂದು ಬದಲಾದರೂ ಮತ್ತೆ ಕಟ್ಟುತ್ತದೆ. 'ಡೆಪ್ಸ್ = ಜಿಸಿಸಿ' ಎಂದು ಬರೆದರೆ .ಡಿ ಫೈಲನ್ನು ಓದಿ ತನ್ನ ದಾಖಲೆಗೆ ಸೇರಿಸಿ ಅಳಿಸಿಬಿಡುತ್ತದೆ. ಅಳಿದ ಹೆಡರ್ ಅದಕ್ಕೆ ದೋಷವೇ ಅಲ್ಲ, -ಎಂಪಿ ಬೇಕಿಲ್ಲ. ಯಾವ ಆಬ್ಜೆಕ್ಟ್ ಏನನ್ನು ನಂಬಿದೆ ಎಂದು 'ನಿಂಜಾ -ಟಿ ಡೆಪ್ಸ್' ತೋರಿಸುತ್ತದೆ. ಆದರೆ ನಿಂಜಾ ಫೈಲ್ ಕೈಯಲ್ಲಿ ಬರೆಯುವಂಥದ್ದಲ್ಲ. ಅದನ್ನು ಬರೆದುಕೊಡಲು ಸಿಮೇಕ್ ಅಥವಾ ಮೇಸನ್‌ನಂಥ ಸಾಧನ ಬೇಕು. ಇಪ್ಪತ್ತು ಫೈಲಿನ ಪ್ರಾಜೆಕ್ಟಿಗೆ ಅಷ್ಟು ಸಾಮಾನು ಅತಿಯಾಯಿತು. ನೂರು ದಾಟಿದರೆ ಮರುಮಾತಿಲ್ಲದೆ ನಿಂಜಾ.

ನಾಲ್ಕನೇ ಪರೀಕ್ಷೆಯಲ್ಲಿ ಐದೂ ಸೋತವು. ತೆರೆದ ಹೆಡರ್ ಯಾವುದೆಂದು .ಡಿ ಹೇಳುತ್ತದೆ, ಹುಡುಕಿ ಸಿಗದ ಜಾಗಗಳನ್ನು ಹೇಳುವುದಿಲ್ಲ. ಅದೇ ಹೆಸರಿನ ಹೆಡರನ್ನು ಹಾದಿಯ ಮುಂದಕ್ಕೆ ಸೇರಿಸಿದಾಗ ಬಿಲ್ಡ್ ಫೋಲ್ಡರ್ ಅಳಿಸಿ ಮೊದಲಿನಿಂದ ಕಟ್ಟಿ.