ಮೈನಸ್ ಗೆರೆ ನುಂಗದ ಜೆರಾಕ್ಸ್ ಅಂಗಡಿ

ದಾವಣಗೆರೆಯಲ್ಲಿ ಗಣಿತದ ಪೇಪರ್ ಪ್ರಿಂಟ್ ಹಾಕಿಸಬೇಕಾದರೆ ವಿದ್ಯಾನಗರದ ಕಡೆ ಒಂದು ಅಡ್ಡರಸ್ತೆಯ ಅಂಗಡಿಗೆ ಹೋಗಿ. ಬೋರ್ಡ್‌ನಲ್ಲಿ ಹೆಸರಿಗಿಂತ ‘ಪ್ಯಾನ್ ಕಾರ್ಡ್, ಲ್ಯಾಮಿನೇಷನ್’ ಅನ್ನುವುದೇ ದಪ್ಪಗಿದೆ. ಪುಟಕ್ಕೆ ಎರಡು ರೂಪಾಯಿ. ಬೇರೆ ಕಡೆ ಇನ್ನೂ ಕಡಿಮೆಗೆ ಸಿಗುತ್ತದೆ, ಆದರೂ ನಾನು ಇಲ್ಲಿಗೇ ಹೋಗುವುದು.

ಯಾಕೆ ಅಂದರೆ, ನಾನು ಓದುವುದು ಸಿ.ಆರ್. ಮ್ಯಾನಿಫೋಲ್ಡ್‌ಗಳ, ಅಂದರೆ ಸಂಕೀರ್ಣ ಸಂಖ್ಯೆಗಳ ಜಾಗದಲ್ಲಿ ಕೂರುವ ಮೇಲ್ಮೈಗಳಂಥವುಗಳ, ಸಿಮೆಟ್ರಿ. ಅಲ್ಲಿ ಒಂದು ಪುಟ್ಟ ಗೆರೆ ಹೋದರೂ ಅರ್ಥ ಕೆಡುತ್ತದೆ. ಎರಡು ಸಂಕೀರ್ಣ ಚಲಾಕ್ಷರಗಳ ಜಾಗದಲ್ಲಿ ಒಂದು ಗೋಳದ ಮೇಲ್ಮೈ ತೆಗೆದುಕೊಳ್ಳಿ. ಅದಕ್ಕೆ 3 ಆಯಾಮ. ಪ್ರತಿ ಬಿಂದುವಿನಲ್ಲೂ ಎರಡು ದಿಕ್ಕುಗಳು ‘ಐ’ಯಿಂದ (ಮೈನಸ್ 1ರ ವರ್ಗಮೂಲದಿಂದ) ಗುಣಿಸಿದರೂ ಮೇಲ್ಮೈ ಬಿಡುವುದಿಲ್ಲ, ಮೂರನೆಯದು ಬಿಡುತ್ತದೆ. ಈ ರಚನೆ ಕೆಡದಂತೆ ಗೋಳವನ್ನು ಅಲುಗಿಸುವ ದಾರಿಗಳೆಲ್ಲ ಸೇರಿ 8 ಆಯಾಮದ ಲೀ ಆಲ್ಜೀಬ್ರಾ, ಅಂದರೆ ಎರಡು ಅಲುಗಾಟಗಳಿಂದ ಇನ್ನೊಂದನ್ನು ಕೊಡುವ ‘ಬ್ರ್ಯಾಕೆಟ್’ ಇರುವ ಜಾಗ. ಲೆವಿ ರೂಪ (ಮೇಲ್ಮೈಯ ಒಂದು ಬಗೆಯ ಬಾಗಿನ ಅಳತೆ) ಎಲ್ಲೂ ಸೊನ್ನೆಯಾಗದ, ಆದರೆ ಎಲ್ಲೂ ಗೋಳದಂತಿಲ್ಲದ ಮೇಲ್ಮೈಗೆ 3 ಆಯಾಮಕ್ಕಿಂತ ಜಾಸ್ತಿ ಸಿಗುವುದೇ ಇಲ್ಲ. 8 ಬಿಟ್ಟರೆ ಸೀದಾ 3! ನಾನು ಈ ವಿಷಯಕ್ಕೆ ಬಿದ್ದದ್ದೇ ಇದನ್ನು ಕೇಳಿ.

ಒಂದು ಬಿಂದು ಹಿಡಿದು ನೋಡಿದರೆ ಆ 8 ಐದು ದರ್ಜೆಗಳಾಗಿ ಒಡೆಯುತ್ತದೆ: ಮೈನಸ್ 2, ಮೈನಸ್ 1, 0, 1, 2. ಆಯಾಮಗಳು 1, 2, 2, 2, 1. ಮೈನಸ್ ಇರುವವು ಆ ಬಿಂದುವನ್ನು ಸರಿಸುತ್ತವೆ, ಉಳಿದವು ಅಲ್ಲೇ ಇಡುತ್ತವೆ. ಬ್ರ್ಯಾಕೆಟ್ ಹಾಕಿದರೆ ದರ್ಜೆಗಳು ಕೂಡುತ್ತವೆ.

ಹಿಂದೆ ಬೇರೊಂದು ಅಂಗಡಿಯಲ್ಲಿ ಟೋನರ್ ಉಳಿಸಿ ತೆಳ್ಳಗೆ ಪ್ರಿಂಟ್ ಹಾಕಿಕೊಟ್ಟರು. ಪುಟ್ಟ ಮೈನಸ್‌ಗಳೆಲ್ಲ ಮಾಯ. ತಕ್ಷಣ ಗೊತ್ತೂ ಆಗುವುದಿಲ್ಲ, ಯಾಕೆಂದರೆ ಆಯಾಮ ಎರಡೂ ಕಡೆ ಒಂದೇ. ‘ಮೈನಸ್ 1, ಮೈನಸ್ 1 ಸೇರಿ ಮೈನಸ್ 2’ ಅನ್ನುವುದು ‘1, 1 ಸೇರಿ 2’ ಆಗಿತ್ತು. ಅದೂ ಸರಿಯೇ ಅಲ್ವಾ! ಮುಂದೆ ‘1, 1 ಸೇರಿ 0’ ಅಂತ ಬಂದಾಗಲೇ ಕಳ್ಳ ಸಿಕ್ಕಿದ್ದು. ಝಡ್ ತಲೆಯ ಮೇಲಿನ ಗೆರೆಯೂ (‘ಐ’ಯ ಚಿಹ್ನೆ ತಿರುಗಿಸಿದೆ ಅನ್ನುವ ಗುರುತು) ಹೋಗಿತ್ತು. ಅದಿಲ್ಲದೆ ಈ ಜ್ಯಾಮಿತಿಯಲ್ಲಿ ಏನು ಓದುವುದು?

ವಿದ್ಯಾನಗರದ ಹುಡುಗ ಮೊದಲು ಒಂದೇ ಪುಟ ತೆಗೆದು ಕೈಗೆ ಕೊಡುತ್ತಾನೆ. “ಮೇಡಂ, ಕೊಕ್ಕೆ ಜಿ ಎಲ್ಲಾ ಬಂದಾವಾ ನೋಡ್ರಿ.” ಲೀ ಆಲ್ಜೀಬ್ರಾಕ್ಕೆ ಬಳಸುವ ಹಳೇ ಜರ್ಮನ್ ಅಕ್ಷರಕ್ಕೆ ಅವನಿಟ್ಟ ಹೆಸರು ಅದು. ಒಮ್ಮೆ ಸ್ಕ್ರೀನ್ ಮೇಲೆ ಸರಿಯಿದ್ದ ಆ ಜಿಗಳು ಕಾಗದದ ಮೇಲೆ ಖಾಲಿ ಚೌಕಗಳಾಗಿ ಬಂದವು. ಸೆಟ್ಟಿಂಗ್‌ನಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಒತ್ತಿದ, ಸರಿಹೋಯಿತು. ಹಾಳಾದ ಪುಟಕ್ಕೆ ದುಡ್ಡು ಕೇಳಲಿಲ್ಲ. ಗಣಿತಜ್ಞರಾದ ಚರ್ನ್ ಮತ್ತು ಮೋಸರ್ ಇದೇ ವಿಷಯದ ಮೇಲೆ ಬರೆದ 1974ರ ಪೇಪರ್, 53 ಪುಟ. ನನ್ನ ಹತ್ತಿರ ಇದ್ದದ್ದು ಮಾಸಿದ ಸ್ಕ್ಯಾನ್. ಅದನ್ನೂ ಕಪ್ಪು ಏರಿಸಿ ಓದುವ ಹಾಗೆ ಮಾಡಿಕೊಟ್ಟ.

ಸ್ಪೈರಲ್ ಬೈಂಡಿಂಗ್ ಮಾತ್ರ ಸಾಧಾರಣ. ಎಡಗಡೆ ಜಾಗ ಬಿಡಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ತೂತು ಸಮೀಕರಣದ ನಂಬರ್ ಮೇಲೇ ಬೀಳುತ್ತದೆ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ದಿನಗಳಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ. ಬೆಳಗ್ಗೆ ಹತ್ತರೊಳಗೆ ಹೋಗಿ, ಫೈಲ್ ಪೆನ್‌ಡ್ರೈವ್‌ನಲ್ಲೇ ಒಯ್ಯಿರಿ.